ಕೋಶ ಮತ್ತು ಕಣ: ಜೀವಕೋಶ ಸಿದ್ಧಾಂತದ ಚರಿತ್ರೆಯಲ್ಲಿ ಭಾಷೆ ಮತ್ತು ಮನ್ನಣೆ

ಪ್ರೌಢಶಾಲೆಯ ಜೀವವಿಜ್ಞಾನದ ಪಠ್ಯಗಳಲ್ಲಿ ಜೀವಕೋಶ ಸಿದ್ಧಾಂತವು ಸಾಮಾನ್ಯವಾಗಿ ಮೂರು ವಾಕ್ಯಗಳಲ್ಲಿ ನಿರೂಪಿತವಾಗುತ್ತದೆ. ಎಲ್ಲ ಜೀವಿಗಳೂ ಒಂದು ಅಥವಾ ಅನೇಕ ಕೋಶಗಳಿಂದ ಆಗಿವೆ. ಜೀವಿಯ ರಚನೆಗೂ ಕಾರ್ಯಕ್ಕೂ ಕೋಶವೇ ಮೂಲ ಘಟಕ. ಪ್ರತಿಯೊಂದು ಕೋಶವೂ ತನಗಿಂತ ಮುಂಚೆ ಇದ್ದ ಕೋಶದಿಂದಲೇ ಹುಟ್ಟುತ್ತದೆ. ಈ ವಾಕ್ಯಗಳ ಬೆನ್ನಿಗೆ ಶ್ಲೈಡನ್, ಶ್ವಾನ್, ವಿರ್ಚೋ ಎಂಬ ಮೂರು ಹೆಸರುಗಳು ಬರುತ್ತವೆ. ಪರೀಕ್ಷೆಯ ಉತ್ತರಕ್ಕೆ ಇಷ್ಟು ಸಾಕು, ಚರಿತ್ರೆಗೆ ಸಾಲದು. ಮೊದಲ ಎರಡು ವಾಕ್ಯಗಳನ್ನು ಕಟ್ಟಿದವರು ಮೂರನೆಯದನ್ನು ನಂಬಿರಲಿಲ್ಲ. ಮೂರನೆಯದಕ್ಕೆ ಗಟ್ಟಿಯಾದ ಸಾಕ್ಷ್ಯ ಒದಗಿಸಿದವರ ಹೆಸರು ಈ ಪಟ್ಟಿಯಲ್ಲಿಲ್ಲ. ಈ ವ್ಯತ್ಯಾಸ ಹೇಗೆ ಉಂಟಾಯಿತು ಎಂಬುದನ್ನು ಹುಡುಕುತ್ತ ಹೋದರೆ ಭಾಷೆ, ಪದವಿ, ಪಾರಿಭಾಷಿಕ ಪದ ಎಂಬ ಮೂರು ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು ಸತ್ಯವನ್ನು ಕಾಣುವುದಕ್ಕೆ ಮಸೂರ ಸಾಕಾಗಬಹುದು; ಅದು ಲೋಕಮಾನ್ಯವಾಗುವುದಕ್ಕೆ ಅದನ್ನು ಹೇಳಿದ ನುಡಿಯೂ ಹೇಳಿದವನ ನೆಲೆಯೂ ಲೆಕ್ಕಕ್ಕೆ ಬರುತ್ತವೆ.

ಖಾಲಿ ಕೋಣೆಗೆ ಬಂದ ಹೆಸರು

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ‘ಮೈಕ್ರೋಗ್ರಾಫಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಹರಿತವಾದ ಚೂರಿಯಿಂದ ಬೆಂಡಿನ ಅತಿ ತೆಳುವಾದ ಹೋಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಜೇನುಹುಟ್ಟಿನಂತೆ ಒತ್ತೊತ್ತಾಗಿ ಜೋಡಿಸಿದ ಪುಟ್ಟ ಕುಳಿಗಳು ಅವರಿಗೆ ಕಂಡವು. ಒಂದು ಘನ ಅಂಗುಲದಲ್ಲಿ ಅಂಥವು 125 ಕೋಟಿಗೂ ಮೀರಿ ಇರಬೇಕೆಂದು ಅವರು ಲೆಕ್ಕ ಹಾಕಿದರು. ಅವುಗಳಿಗೆ ಹುಕ್ ಕೊಟ್ಟ ಹೆಸರು ‘ಸೆಲ್’. ಅದು ಸಣ್ಣ ಕೋಣೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಸನ್ಯಾಸಿಯ ಕಿರುಕೋಣೆಗೂ ಜೇನುಹುಟ್ಟಿನ ಗೂಡಿಗೂ ಸಲ್ಲುತ್ತಿದ್ದ ಮಾತು.

ಹುಕ್ ಬೆಂಡಿನಲ್ಲಿ ಕಂಡದ್ದು ಸತ್ತ ಅಂಗಾಂಶದ ಗೋಡೆಗಳನ್ನು. ಒಳಗಿನ ಜೀವವು ಬಿಟ್ಟುಹೋದ ಮೇಲೆ ಉಳಿದಿದ್ದ ಚೌಕಟ್ಟಿಗೆ ಕೋಣೆ ಎಂಬ ಹೆಸರು ಚೆನ್ನಾಗಿಯೇ ಒಪ್ಪಿತು. ಹಸಿರು ಗಿಡಗಳಲ್ಲಿ ಅಂಥ ಕೋಣೆಗಳು ರಸದಿಂದ ತುಂಬಿರುವುದನ್ನೂ ಅವರು ಗಮನಿಸಿದ್ದರು. ಆದರೆ ಆ ರಸವೇ ಮುಖ್ಯ, ಗೋಡೆಯಲ್ಲ ಎಂಬ ವಿಚಾರ ಆ ಕಾಲದ ಕಲ್ಪನೆಗೆ ನಿಲುಕುವಂಥದ್ದಾಗಿರಲಿಲ್ಲ. ಮುಂದಿನ ಎರಡು ಶತಮಾನಗಳ ಚರ್ಚೆಯ ಬಹುಭಾಗವು ಈ ಹೆಸರಿಗೂ ಅದು ಸೂಚಿಸುವ ವಸ್ತುವಿಗೂ ನಡುವಣ ಅಂತರವನ್ನು ತುಂಬುವ ಪ್ರಯತ್ನವೇ ಆಗಿದೆ.

ಅದೇ ಕಾಲದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೋನಿ ಫಾನ್ ಲೇವನ್‌ಹುಕ್ ತಾವೇ ಉಜ್ಜಿ ಸಿದ್ಧಪಡಿಸಿದ ಒಂಟಿ ಮಸೂರಗಳಿಂದ ನೀರಿನ ಹನಿಗಳನ್ನು ಪರೀಕ್ಷಿಸುತ್ತಿದ್ದರು. ಉಳಿದುಬಂದಿರುವ ಅವರ ಉಪಕರಣಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸಬಲ್ಲದು. ಅವರಿಗೆ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. 1676ರಲ್ಲಿ ಮೆಣಸು ನೆನೆಸಿದ ನೀರಿನಲ್ಲಿ ಕಂಡ ಕಿರುಜೀವಿಗಳನ್ನು ಕುರಿತು ಅವರು ಬರೆದ ದೀರ್ಘ ಪತ್ರ ಡಚ್ ಭಾಷೆಯಲ್ಲಿತ್ತು. ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಅದರ ಭಾಗಗಳನ್ನು ಇಂಗ್ಲಿಷಿಗೆ ತಂದು 1677ರಲ್ಲಿ ಪ್ರಕಟಿಸಿದರು. ಒಂದೇ ಕೋಶದಿಂದಾದ ಜೀವಿಗಳ ಲೋಕವು ವಿದ್ವತ್ಪ್ರಪಂಚವನ್ನು ಪ್ರವೇಶಿಸಿದ್ದು ಹೀಗೆ ಒಂದು ಅನುವಾದದ ಮೂಲಕ. ಬ್ರೆಮೆನ್ ನಗರದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಬಹುಭಾಷಿಕನೊಬ್ಬ ಆ ಸ್ಥಾನದಲ್ಲಿ ಇದ್ದದ್ದು ಅದನ್ನು ಸಾಧ್ಯವಾಗಿಸಿತು.

ಪ್ರಾಗ್ ಮತ್ತು ಬರ್ಲಿನ್

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸೂಕ್ಷ್ಮದರ್ಶಕಗಳ ಬಣ್ಣದೋಷ ಕಡಿಮೆಯಾಗಿ ಬಿಂಬ ಸ್ಪಷ್ಟವಾಯಿತು. 1831ರಲ್ಲಿ ರಾಬರ್ಟ್ ಬ್ರೌನ್ ಸೀತಾಳೆ ಜಾತಿಯ ಸಸ್ಯಗಳ ಕೋಶಗಳಲ್ಲಿ ಒಂದೊಂದು ದುಂಡನೆಯ ಕಾಯವನ್ನು ಗುರುತಿಸಿ ಅದಕ್ಕೆ ‘ನ್ಯೂಕ್ಲಿಯಸ್’ ಎಂದರು. ಕನ್ನಡದ ಪಠ್ಯಗಳಲ್ಲಿ ಅದು ಕೋಶಕೇಂದ್ರ. ಸಸ್ಯಗಳು ಕೋಶಮಯವೆಂಬುದು ಆ ವೇಳೆಗೆ ವಿವಾದದ ವಿಷಯವಾಗಿ ಉಳಿದಿರಲಿಲ್ಲ. ಗೋಡೆಗಳೇ ಕಾಣದ ಪ್ರಾಣಿಗಳ ಅಂಗಾಂಶವನ್ನು ಹೇಗೆ ಅರ್ಥೈಸಬೇಕು ಎಂಬುದು ಉಳಿದ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಗೆ ಒಂದು ಉತ್ತರ ಯಾನ್ ಪುರ್ಕಿನ್ಯೆ ಅವರಿಂದ ಬಂತು. ಬೊಹೀಮಿಯದಲ್ಲಿ 1787ರಲ್ಲಿ ಹುಟ್ಟಿದ ಈ ಚೆಕ್ ವಿದ್ವಾಂಸರು 1823ರಿಂದ ಪ್ರಷ್ಯದ ಬ್ರೆಸ್ಲಾವ್ ವಿಶ್ವವಿದ್ಯಾನಿಲಯದಲ್ಲಿ ಜರ್ಮನ್ ಭಾಷೆಯಲ್ಲಿ ಬೋಧಿಸುತ್ತಿದ್ದರು. ಆ ನಗರವು ಇಂದು ಪೋಲೆಂಡಿನ ವ್ರೊತ್ಸ್ವಾಫ್. ಕಿರುಮೆದುಳಿನ ದೊಡ್ಡ ನರಕೋಶಗಳು ಇಂದಿಗೂ ಅವರ ಹೆಸರಿನಲ್ಲೇ ಇವೆ. 1837ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಜರ್ಮನ್ ನಿಸರ್ಗವಿಜ್ಞಾನಿಗಳ ಮತ್ತು ವೈದ್ಯರ ಸಮ್ಮೇಳನದಲ್ಲಿ ಅವರು ಪ್ರಾಣಿಗಳ ಗ್ರಂಥಿಗಳೇ ಮೊದಲಾದ ಅಂಗಗಳು ಕೇಂದ್ರವುಳ್ಳ ಸೂಕ್ಷ್ಮ ಕಣಗಳಿಂದ ಆಗಿವೆಯೆಂದೂ ಇವು ಸಸ್ಯಗಳ ಕೋಶಗಳಿಗೆ ಸಾದೃಶ್ಯವುಳ್ಳವೆಂದೂ ವಿವರಿಸಿದರು. ಕಾಳು ಅಥವಾ ಕಣ ಎಂಬ ಅರ್ಥದ ಪದವನ್ನು ಅವರು ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಪ್ರಾಣಿಗಳಲ್ಲಿ ಕೋಣೆಯಿಲ್ಲ, ಗೋಡೆಯಿಲ್ಲ. ಇರುವುದು ಜೀವಂತ ದ್ರವ್ಯದ ಒಂದು ಗುಂಡು. ಗೋಡೆಯ ನೆನಪನ್ನು ಹೊತ್ತ ಪದವನ್ನು ಅದಕ್ಕೆ ಅನ್ವಯಿಸುವುದು ಅವರಿಗೆ ಸರಿತೋರಲಿಲ್ಲ.

ಮರುವರ್ಷ, 1838ರಲ್ಲಿ, ವಕೀಲಿಯನ್ನು ಬಿಟ್ಟು ಸಸ್ಯಶಾಸ್ತ್ರಕ್ಕೆ ಬಂದಿದ್ದ ಮಥಿಯಾಸ್ ಶ್ಲೈಡನ್ ಸಸ್ಯಗಳ ಬೆಳವಣಿಗೆಯನ್ನು ಕೋಶಗಳ ಮೂಲಕ ವಿವರಿಸುವ ಲೇಖನ ಪ್ರಕಟಿಸಿದರು. ಬರ್ಲಿನ್ನಿನಲ್ಲಿ ಯೋಹಾನ್ನೆಸ್ ಮ್ಯುಲರ್ ಅವರ ಬಳಿ ಕೆಲಸ ಮಾಡುತ್ತಿದ್ದ ಥಿಯೋಡೋರ್ ಶ್ವಾನ್ ಒಂದು ದಿನ ಊಟದ ವೇಳೆಯಲ್ಲಿ ಶ್ಲೈಡನ್ ಅವರಿಂದ ಕೋಶಕೇಂದ್ರದ ಮಹತ್ತ್ವವನ್ನು ಕೇಳಿದರು. ಪ್ರಾಣಿಭ್ರೂಣದ ಬೆನ್ನಿನ ಆಧಾರದಂಡದಲ್ಲಿ ಅಂಥದ್ದೇ ಕಾಯಗಳನ್ನು ತಾವು ಕಂಡಿದ್ದು ಅವರಿಗೆ ನೆನಪಾಯಿತು. 1839ರಲ್ಲಿ ಹೊರಬಂದ ಅವರ ಗ್ರಂಥವು ಮೂಳೆಯ ಮೃದು ಅಸ್ಥಿ, ಸ್ನಾಯು, ನರ, ಗರಿ, ಮೊಟ್ಟೆ ಮೊದಲಾದವನ್ನು ಒಂದೊಂದಾಗಿ ತೆಗೆದುಕೊಂಡು, ಸಸ್ಯಕ್ಕೂ ಪ್ರಾಣಿಗೂ ರಚನೆಯ ತತ್ತ್ವ ಒಂದೇ ಎಂದು ಪ್ರತಿಪಾದಿಸಿತು. ಶತಮಾನಗಳಿಂದ ಬೇರೆ ಬೇರೆಯೆಂದು ತಿಳಿದಿದ್ದ ಎರಡು ಜೀವಲೋಕಗಳು ಇಲ್ಲಿ ಒಂದಾದವು.

ಪುರ್ಕಿನ್ಯೆ ಸಾದೃಶ್ಯವನ್ನು ಕಂಡಿದ್ದರು. ಶ್ವಾನ್ ಅದನ್ನು ಎಲ್ಲ ಅಂಗಾಂಶಗಳಿಗೂ ಅನ್ವಯಿಸುವ ನಿಯಮವಾಗಿ ಕಟ್ಟಿದರು. ಇಬ್ಬರ ಬರಹವೂ ಜರ್ಮನ್ ಭಾಷೆಯಲ್ಲೇ ಇತ್ತು. ಆದ್ದರಿಂದ ಇಲ್ಲಿ ಮನ್ನಣೆಯ ವ್ಯತ್ಯಾಸಕ್ಕೆ ಭಾಷೆಯನ್ನು ಮಾತ್ರ ಕಾರಣವಾಗಿ ತೋರಿಸಲಾಗದು. ಭಾಷಣಕ್ಕಿಂತ ಗ್ರಂಥದ ವ್ಯಾಪ್ತಿ ದೊಡ್ಡದು. ಬ್ರೆಸ್ಲಾವ್‌ಗಿಂತ ಬರ್ಲಿನ್ನಿನ ದನಿ ದೊಡ್ಡದು. ‘ಕೋಶ’ ಎಂಬ ಹೆಸರು ಗೆದ್ದಿತು, ‘ಕಣ’ ಸೋತಿತು. ಆದರೆ ಅರ್ಥದ ಮಟ್ಟದಲ್ಲಿ ಗೆಲುವು ಬೇರೆಯೇ ಆಯಿತು. ಕೋಶದೊಳಗಿನ ಜೀವದ್ರವ್ಯಕ್ಕೆ ‘ಪ್ರೋಟೋಪ್ಲಾಸಂ’ ಎಂಬ ಪದವನ್ನು 1839ರಲ್ಲಿ ಬಳಕೆಗೆ ತಂದವರು ಪುರ್ಕಿನ್ಯೆಯವರೇ. 1861ರಲ್ಲಿ ಮಾಕ್ಸ್ ಶುಲ್ಟ್ಸೆ, ಕೋಶವೆಂದರೆ ಕೇಂದ್ರವುಳ್ಳ ಜೀವದ್ರವ್ಯದ ಮುದ್ದೆ, ಅದಕ್ಕೆ ಗೋಡೆ ಇರಲೇಬೇಕೆಂದಿಲ್ಲ ಎಂದು ವ್ಯಾಖ್ಯಾನಿಸಿದರು. ಕೋಣೆಯ ಹೆಸರು ಉಳಿಯಿತು. ಅದರ ಅರ್ಥಕ್ಕೆ ಕಣವು ಬಂದು ಕುಳಿತಿತು.

ಮೂರನೆಯ ವಾಕ್ಯದ ಕರ್ತೃ

ಶ್ಲೈಡನ್ ಮತ್ತು ಶ್ವಾನ್ ಅವರ ಸಿದ್ಧಾಂತದಲ್ಲಿ ಒಂದು ದೊಡ್ಡ ದೋಷವಿತ್ತು. ಹೊಸ ಕೋಶಗಳು ದ್ರವವೊಂದರಲ್ಲಿ ಸಣ್ಣ ಹರಳುಗಳು ಕಟ್ಟಿಕೊಳ್ಳುವಂತೆ ತಾವಾಗಿ ರೂಪುಗೊಳ್ಳುತ್ತವೆ ಎಂದು ಅವರು ನಂಬಿದ್ದರು. ಶ್ಲೈಡನ್ ಅವರ ಪ್ರಕಾರ ಇದು ಹಳೆಯ ಕೋಶದ ಒಳಗೆ ನಡೆಯುತ್ತಿತ್ತು. ಶ್ವಾನ್ ಅವರ ಪ್ರಕಾರ ಕೋಶಗಳ ಹೊರಗಿನ ದ್ರವದಲ್ಲಿಯೂ ನಡೆಯಬಹುದಿತ್ತು. ಈ ವಿವರಣೆಯನ್ನು ಒಪ್ಪಿದರೆ ಜೀವವು ನಿರ್ಜೀವ ದ್ರವದಿಂದ ದಿನದಿನವೂ ಹುಟ್ಟುತ್ತಿದೆಯೆಂದು ಒಪ್ಪಬೇಕಾಗುತ್ತಿತ್ತು.

ಇದನ್ನು ಅಲ್ಲಗಳೆದವರಲ್ಲಿ ಮುಖ್ಯರು ರಾಬರ್ಟ್ ರೆಮಾಕ್. 1815ರಲ್ಲಿ ಪೋಸೆನ್ ಪಟ್ಟಣದ, ಎಂದರೆ ಇಂದಿನ ಪೋಲೆಂಡಿನ ಪೊಜ್ನಾನಿನ, ಯೆಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಬರ್ಲಿನ್ನಿಗೆ ಬಂದು ಮ್ಯುಲರ್ ಅವರ ಶಿಷ್ಯರಾದರು. ಪ್ರಷ್ಯದ ವಿಶ್ವವಿದ್ಯಾನಿಲಯಗಳಲ್ಲಿ ಯೆಹೂದಿಗಳಿಗೆ ಬೋಧಕ ಹುದ್ದೆ ಮುಚ್ಚಿದ್ದ ಕಾಲವದು. ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದರೆ ಬಾಗಿಲು ತೆರೆಯುತ್ತಿತ್ತು; ರೆಮಾಕ್ ಒಪ್ಪಲಿಲ್ಲ. 1843ರಲ್ಲಿ ನೇರವಾಗಿ ದೊರೆಗೆ ಮನವಿ ಸಲ್ಲಿಸಿದರು. 1847ರಲ್ಲಿ, ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ನೀಡುವ ಹಕ್ಕು ಪಡೆದ ಮೊದಲ ಯೆಹೂದಿಯಾದರು. ಅದು ಸಂಬಳವಿಲ್ಲದ ಸ್ಥಾನ. ಜೀವನೋಪಾಯಕ್ಕೆ ವೈದ್ಯವೃತ್ತಿಯೇ ಆಧಾರ.

ಕೋಳಿಮರಿಯ ಭ್ರೂಣದ ರಕ್ತಕಣಗಳು ಎರಡಾಗಿ ಸೀಳುವುದನ್ನು ಅವರು 1841ರಲ್ಲೇ ವರದಿ ಮಾಡಿದ್ದರು. ಒಂದು ಅವಲೋಕನದಿಂದ ನಿಯಮ ಕಟ್ಟುವ ಆತುರ ಅವರಿಗಿರಲಿಲ್ಲ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಭ್ರೂಣಗಳನ್ನೂ ಕಪ್ಪೆಯ ಮೊಟ್ಟೆಗಳನ್ನೂ ಪರೀಕ್ಷಿಸಿ, 1852ರ ಲೇಖನದಲ್ಲಿ ತಮ್ಮ ತೀರ್ಮಾನವನ್ನು ಮುಂದಿಟ್ಟರು. ಪ್ರಾಣಿಗಳ ಕೋಶಗಳು ಹೆಚ್ಚುವುದು ವಿಭಜನೆಯಿಂದಲೇ. ಕೋಶದ ಹೊರಗಿನ ದ್ರವದಲ್ಲಿ ಕೋಶ ಹುಟ್ಟುತ್ತದೆಂಬುದು ಜೀವಿಗಳು ತಾವಾಗಿ ಹುಟ್ಟುತ್ತವೆಂಬ ಹಳೆಯ ನಂಬಿಕೆಯಷ್ಟೇ ಅಸಂಭಾವ್ಯ. 1855ರಲ್ಲಿ ಪೂರ್ಣಗೊಂಡ ಬೃಹದ್ಗ್ರಂಥದಲ್ಲಿ ಇದಕ್ಕೆ ವಿಸ್ತಾರವಾದ ಸಾಕ್ಷ್ಯ ಒದಗಿಸಿದರು.

ಅದೇ 1855ರಲ್ಲಿ ರುಡಾಲ್ಫ್ ವಿರ್ಚೋ ಪ್ರಕಟಿಸಿದ ಲೇಖನವೊಂದರಲ್ಲಿ, ಪ್ರತಿಯೊಂದು ಕೋಶವೂ ಕೋಶದಿಂದಲೇ ಎಂಬ ಲ್ಯಾಟಿನ್ ಸೂತ್ರವಾಕ್ಯ ಕಾಣಿಸಿಕೊಂಡಿತು. ಆ ವಾಕ್ಯವನ್ನು ಫ್ರಾನ್ಸಿನ ರಾಸ್ಪೈ 1825ರಲ್ಲೇ ಬಳಸಿದ್ದರು. ಅದರ ಹಿಂದಿನ ಸಾಕ್ಷ್ಯವನ್ನು ರೆಮಾಕ್ ಒದಗಿಸಿದ್ದರು. ವಿರ್ಚೋ ಅವರ ಲೇಖನದಲ್ಲಿ ರೆಮಾಕ್ ಅವರಿಗೆ ಋಣ ಸಲ್ಲಲಿಲ್ಲ. 1856ರಲ್ಲಿ ವಿರ್ಚೋ ಬರ್ಲಿನ್ನಿನ ಪ್ರಾಧ್ಯಾಪಕರಾದರು. 1858ರಲ್ಲಿ ಪ್ರಕಟವಾದ ಅವರ ಉಪನ್ಯಾಸಗಳು ರೋಗವನ್ನು ಕೋಶದ ಮಟ್ಟದಲ್ಲಿ ಅರಿಯಬೇಕೆಂಬ ಹೊಸ ದೃಷ್ಟಿಯನ್ನು ವೈದ್ಯಶಾಸ್ತ್ರಕ್ಕೆ ಕೊಟ್ಟವು. ಅವರ ಆ ಕೊಡುಗೆ ನಿಜವಾದದ್ದೇ, ದೊಡ್ಡದೇ. ಗಂತಿಯೂ ಕೀವೂ ದೇಹದ ಕೋಶಗಳಿಂದಲೇ ಹುಟ್ಟುತ್ತವೆಂಬ ತಿಳಿವಳಿಕೆ ಹರಡಿದ್ದು ಅವರಿಂದ. ಆದರೆ ಮೂರನೆಯ ವಾಕ್ಯವನ್ನು ಅವರೊಬ್ಬರ ಹೆಸರಿಗೆ ಬರೆಯುವುದು ನ್ಯಾಯವಲ್ಲ. ರೆಮಾಕ್ ಅವರಿಗೆ ಸಹಪ್ರಾಧ್ಯಾಪಕ ಪದವಿ ದೊರೆತದ್ದು 1859ರಲ್ಲಿ. ಆರು ವರ್ಷಗಳ ಬಳಿಕ ಅವರು ತೀರಿಕೊಂಡರು.

ಕೋಶ ವಿಭಜನೆಯ ಒಳಗಿನ ಕ್ರಮವು ಸ್ಪಷ್ಟವಾದದ್ದು ಬಣ್ಣಗಳ ನೆರವಿನಿಂದ. ಬಣ್ಣ ಹೀರಿಕೊಂಡ ಎಳೆಗಳು ಕೇಂದ್ರದಲ್ಲಿ ಕಾಣಿಸಿಕೊಂಡು, ಉದ್ದಕ್ಕೆ ಸೀಳಿ, ಎರಡು ಪಾಲಾಗುವುದನ್ನು ವಾಲ್ಟರ್ ಫ್ಲೆಮಿಂಗ್ 1882ರ ಗ್ರಂಥದಲ್ಲಿ ಚಿತ್ರಗಳ ಸಮೇತ ವಿವರಿಸಿ, ಆ ಕ್ರಿಯೆಗೆ ‘ಮೈಟೋಸಿಸ್’ ಎಂದು ಹೆಸರಿಟ್ಟರು. ರೆಮಾಕ್ ಹೇಳಿದ್ದ ಮಾತು ಅಲ್ಲಿಗೆ ಕಣ್ಣಿಗೆ ಕಾಣುವ ಪ್ರಮಾಣವಾಯಿತು.

ಸ್ಪ್ಯಾನಿಷ್ ಭಾಷೆಯಲ್ಲಿ ಬಂದ ಕೊನೆಯ ಪುರಾವೆ

ಆದರೂ ಒಂದು ಅಂಗಾಂಶ ಸಿದ್ಧಾಂತದ ಹೊರಗೇ ಉಳಿದಿತ್ತು. ನರವ್ಯೂಹವು ಬಿಡಿ ಕೋಶಗಳ ಸಮೂಹವಲ್ಲ, ಒಂದಕ್ಕೊಂದು ಬೆಸೆದುಕೊಂಡ ಅಖಂಡ ಜಾಲ ಎಂದು ಅನೇಕರು ನಂಬಿದ್ದರು. ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನವನ್ನು 1873ರಲ್ಲಿ ಪ್ರಕಟಿಸಿದ ಇಟಲಿಯ ಕಮಿಲ್ಲೊ ಗಾಲ್ಜಿ ಅವರೂ ಆ ಪಕ್ಷದವರೇ. ಅದೇ ವಿಧಾನವನ್ನು ಸುಧಾರಿಸಿದ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಾಹಾಲ್, ಪ್ರತಿ ನರಕೋಶವೂ ಸ್ವತಂತ್ರವೆಂದು 1888ರಲ್ಲಿ ತೋರಿಸಿದರು. ಅವರು ಅದನ್ನು ಪ್ರಕಟಿಸಿದ್ದು ತಮ್ಮ ಸ್ವಂತ ಖರ್ಚಿನಿಂದ ಹೊರಡಿಸಿದ ಸ್ಪ್ಯಾನಿಷ್ ಪತ್ರಿಕೆಯಲ್ಲಿ. ಯೂರೋಪಿನ ಸೂಕ್ಷ್ಮದರ್ಶಕ ತಜ್ಞರಲ್ಲಿ ಹೆಚ್ಚಿನವರು ಆ ಭಾಷೆಯನ್ನು ಓದುತ್ತಿರಲಿಲ್ಲ. 1889ರಲ್ಲಿ ಕಾಹಾಲ್ ತಮ್ಮ ಗಾಜಿನ ಪಟ್ಟಿಗಳನ್ನು ಹಿಡಿದುಕೊಂಡು ಬರ್ಲಿನ್ನಿನ ಸಮ್ಮೇಳನಕ್ಕೆ ಹೋಗಿ, ಎದುರಾದವರಿಗೆಲ್ಲ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ತೋರಿಸಿದರು. ಎಪ್ಪತ್ತು ದಾಟಿದ್ದ ಹಿರಿಯ ವಿಜ್ಞಾನಿ ಆಲ್ಬರ್ಟ್ ಕ್ಯೋಲಿಕರ್ ಅದನ್ನು ಕಂಡು ತಮ್ಮ ಹಿಂದಿನ ಅಭಿಪ್ರಾಯವನ್ನು ಬದಲಿಸಿಕೊಂಡರು. ಕಾಹಾಲ್ ಅವರ ಬರಹಗಳನ್ನು ಓದಲೆಂದು ಸ್ಪ್ಯಾನಿಷ್ ಕಲಿತರೆಂಬುದು ಪ್ರಸಿದ್ಧ ಸಂಗತಿ. 1906ರಲ್ಲಿ ಗಾಲ್ಜಿ ಮತ್ತು ಕಾಹಾಲ್ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆ ವೇದಿಕೆಯಲ್ಲಿಯೂ ಗಾಲ್ಜಿ ಜಾಲದ ವಾದವನ್ನು ಕೈಬಿಡಲಿಲ್ಲ. ನರಕೋಶಗಳ ನಡುವಣ ಕಿರುಸಂದು 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಾಗ ವಿವಾದ ಮುಗಿಯಿತು.

ಕೋಶಗಳ ಮೂಲ ಪ್ರಭೇದಗಳು

ಎಲ್ಲ ಜೀವಿಗಳೂ ಕೋಶಮಯವೆಂದ ಮೇಲೆ ಎಲ್ಲ ಕೋಶಗಳೂ ಒಂದೇ ಬಗೆಯವೇ ಎಂಬ ಪ್ರಶ್ನೆ ಏಳುತ್ತದೆ. 1925ರಲ್ಲಿ ಫ್ರಾನ್ಸಿನ ಎದುವಾರ್ ಶಾತೋನ್ ಏಕಕೋಶಜೀವಿಗಳನ್ನು ಕುರಿತ ಫ್ರೆಂಚ್ ಪ್ರಬಂಧವೊಂದರಲ್ಲಿ ಪ್ರೋಕ್ಯಾರಿಯೋಟ್, ಯೂಕ್ಯಾರಿಯೋಟ್ ಎಂಬ ಎರಡು ಪದಗಳನ್ನು ಬಳಸಿದರು. ಗ್ರೀಕ್ ಭಾಷೆಯ ‘ಕಾರ್ಯೋನ್’ ಎಂದರೆ ಕಾಯಿಯೊಳಗಿನ ತಿರುಳು. ಈ ಪದಗಳು ಸುಮಾರು ನಾಲ್ಕು ದಶಕಗಳ ಕಾಲ ಹೆಚ್ಚಿನವರ ಗಮನಕ್ಕೆ ಬಾರದೆ ಉಳಿದು, 1962ರಲ್ಲಿ ಸ್ಟ್ಯಾನಿಯರ್ ಮತ್ತು ಫಾನ್ ನೀಲ್ ಅವರ ಇಂಗ್ಲಿಷ್ ಲೇಖನದ ಮೂಲಕ ಜೀವವಿಜ್ಞಾನದ ಸಾಮಾನ್ಯ ಪರಿಭಾಷೆಯಾದವು.

ಪ್ರೋಕ್ಯಾರಿಯೋಟ್ ಕೋಶದಲ್ಲಿ ಪೊರೆ ಸುತ್ತಿದ ಕೇಂದ್ರವಿಲ್ಲ. ಡಿಎನ್‌ಎ ಕೋಶದ್ರವ್ಯದಲ್ಲಿಯೇ ಇರುತ್ತದೆ. ಬಹುತೇಕ ಬ್ಯಾಕ್ಟೀರಿಯಗಳ ಉದ್ದ ಒಂದರಿಂದ ಐದು ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಯೂಕ್ಯಾರಿಯೋಟ್ ಕೋಶಗಳು ಸಾಮಾನ್ಯವಾಗಿ ಹತ್ತರಿಂದ ನೂರು ಮೈಕ್ರೋಮೀಟರ್ ಗಾತ್ರದವು. ಅವುಗಳ ಡಿಎನ್‌ಎ ಪೊರೆಯೊಳಗೆ ಇರುತ್ತದೆ. ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಮೊದಲಾದ ಕಣದಂಗಗಳು ಕೆಲಸವನ್ನು ಹಂಚಿಕೊಂಡಿರುತ್ತವೆ. ಸಸ್ಯಕೋಶಕ್ಕೆ ಸೆಲ್ಯುಲೋಸಿನ ಭಿತ್ತಿ, ದೊಡ್ಡ ರಸದಾನಿ, ಹಸಿರು ಭಾಗಗಳಲ್ಲಿ ಕ್ಲೋರೋಪ್ಲಾಸ್ಟ್ ಇರುತ್ತವೆ. ಶಿಲೀಂಧ್ರದ ಭಿತ್ತಿ ಕೈಟಿನ್ ಎಂಬ ದ್ರವ್ಯದಿಂದ ಆದದ್ದು. ಪ್ರಾಣಿಕೋಶಕ್ಕೆ ಭಿತ್ತಿಯೇ ಇಲ್ಲ. ಪುರ್ಕಿನ್ಯೆಯವರ ಸಂಕೋಚಕ್ಕೆ ಇದೇ ಮೂಲವಾಗಿತ್ತು.

1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್, ರೈಬೋಸೋಮಿನ ಆರ್‌ಎನ್‌ಎ ಹೋಲಿಕೆಯಿಂದ, ಪ್ರೋಕ್ಯಾರಿಯೋಟುಗಳಲ್ಲಿಯೇ ಎರಡು ದೂರದ ವಂಶಗಳಿವೆ ಎಂದು ತೋರಿಸಿದರು. ಎರಡನೆಯ ವಂಶ ಇಂದು ‘ಆರ್ಕಿಯ’ ಎನಿಸಿಕೊಂಡಿದೆ. ಗದ್ದೆಯ ಕೆಸರಿನಲ್ಲಿಯೂ ದನಗಳ ಹೊಟ್ಟೆಯಲ್ಲಿಯೂ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಈ ವಂಶದವು. ಕೇಂದ್ರವಿಲ್ಲ ಎಂಬ ಒಂದು ಅಭಾವದಿಂದ ಗುರುತಿಸಿದ ಗುಂಪಿನಲ್ಲಿ ಇಷ್ಟು ದೊಡ್ಡ ಭೇದ ಅಡಗಿತ್ತು.

ಯೂಕ್ಯಾರಿಯೋಟ್ ಕೋಶದ ಹುಟ್ಟಿನ ಕಥೆಯೂ ಅನುವಾದಕ್ಕೆ ಕಾದ ಕಥೆಯೇ. ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಗಳು ಮತ್ತೊಂದು ಕೋಶದೊಳಗೆ ನೆಲೆಸಿ ಕಣದಂಗಗಳಾದವು ಎಂಬ ವಿಚಾರವನ್ನು ಲಿನ್ ಮಾರ್ಗ್ಯುಲಿಸ್ 1967ರಲ್ಲಿ ಬಲವಾಗಿ ಮಂಡಿಸಿದರು. ಇಂದು ಮೈಟೊಕಾಂಡ್ರಿಯ ಮತ್ತು ಕ್ಲೋರೋಪ್ಲಾಸ್ಟಿನ ವಿಷಯದಲ್ಲಿ ಅದು ಸರ್ವಸಮ್ಮತ. ಕ್ಲೋರೋಪ್ಲಾಸ್ಟಿನ ಬಗ್ಗೆ ಅಂಥದ್ದೇ ವಿಚಾರವನ್ನು ರಷ್ಯದ ಮೆರೆಷ್ಕೋವ್‌ಸ್ಕಿ 1905ರಲ್ಲಿ ಮುಂದಿಟ್ಟಿದ್ದರು. ಕೋಜೊ-ಪೊಲ್ಯಾನ್‌ಸ್ಕಿ 1924ರಲ್ಲಿ ರಷ್ಯನ್ ಭಾಷೆಯಲ್ಲಿ ಬರೆದ ಗ್ರಂಥ ಇಂಗ್ಲಿಷಿಗೆ ಬಂದದ್ದು 2010ರಲ್ಲಿ.

ಗಡಿನಾಡಿನ ಪದಗಳು

ಭಾರತೀಯ ಭಾಷೆಗಳು ಈ ಸಿದ್ಧಾಂತವನ್ನು ತಮ್ಮ ನುಡಿಗೆ ತರುವಾಗ ಒಂದೇ ದಾರಿ ಹಿಡಿಯಲಿಲ್ಲ. ಕನ್ನಡದಲ್ಲಿ ಜೀವಕೋಶ, ಮಲಯಾಳದಲ್ಲಿ ಕೋಶಂ. ಕಾಸರಗೋಡಿನ ವಿದ್ಯಾರ್ಥಿಗೆ ಎರಡೂ ಒಂದೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ವಿದ್ಯಾರ್ಥಿ ಮರಾಠಿಯಲ್ಲಿ ಓದುವಾಗ ‘ಪೇಶಿ’ ಎಂಬ ಪದವನ್ನು ಎದುರಿಸುತ್ತಾನೆ. ಮಾಂಸಪೇಶಿ ಎಂದು ಕೇಳಿ ರೂಢಿಯಿರುವ ಕನ್ನಡದ ಕಿವಿಗೆ ಅದು ಮೊದಲು ಸ್ನಾಯುವನ್ನೇ ಸೂಚಿಸುತ್ತದೆ. ತಾಳವಾಡಿ, ಹೊಸೂರಿನಲ್ಲಿ ತಮಿಳಿನ ‘ಸೆಲ್’ ಎಂಬ ಎರವಲು ಪದವೂ ‘ಉಯಿರಣು’ ಎಂಬ ಪದವೂ ದೊರೆಯುತ್ತವೆ. ಉಯಿರ್ ಎಂಬುದು ಕನ್ನಡದ ಉಸಿರಿನ ಸೋದರಪದ. ಆದೋನಿ, ರಾಯದುರ್ಗ, ಮಡಕಶಿರಾದಲ್ಲಿ ತೆಲುಗಿನ ಪದ ‘ಕಣಂ’.

ಇವುಗಳಲ್ಲಿ ಕೋಶವು ಹುಕ್ ಅವರ ಕೋಣೆಯ ಪಕ್ಷಕ್ಕೂ ಕಣವು ಪುರ್ಕಿನ್ಯೆಯವರ ಕಾಳಿನ ಪಕ್ಷಕ್ಕೂ ಸೇರುತ್ತವೆ. ಇದು ಅರ್ಥದ ಕಾಕತಾಳೀಯವೇ ಹೊರತು ಚಾರಿತ್ರಿಕ ಸಂಬಂಧವಲ್ಲ. ಆದರೂ ಕನ್ನಡ ಎರಡನ್ನೂ ಉಳಿಸಿಕೊಂಡಿದೆ: ಜೀವಕೋಶ ಎನ್ನುವ ಅದೇ ಪಾಠದಲ್ಲಿ ರಕ್ತಕಣ ಎಂಬ ಮಾತೂ ಬರುತ್ತದೆ. ಗೋಡೆಯಿಲ್ಲದ, ಪ್ರೌಢಾವಸ್ಥೆಯಲ್ಲಿ ಕೇಂದ್ರವನ್ನೂ ಕಳೆದುಕೊಂಡ ಮನುಷ್ಯರ ಕೆಂಪು ರಕ್ತಕಣವನ್ನು ಕೋಶವೆನ್ನುವುದಕ್ಕಿಂತ ಕಣವೆನ್ನುವುದು ಎಷ್ಟೋ ಸಹಜ. ಸಂಸ್ಕೃತದಿಂದ ಬಂದ ಕೋಶಕ್ಕೆ ಒರೆ, ಬೊಕ್ಕಸ, ನಿಘಂಟು ಎಂಬ ಅರ್ಥಗಳೂ ಇರುವುದರಿಂದ, ಅದು ಹುಕ್ ಅವರ ಬರಿಯ ಕೋಣೆಯಂತೆ ಖಾಲಿಯಲ್ಲ. ಒಳಗೆ ಏನನ್ನೋ ಕಾಪಾಡಿಕೊಂಡಿರುವ ಪಾತ್ರೆ ಅದು. ಮೂಲಪದಕ್ಕಿಲ್ಲದ ಒಂದು ಅನುಕೂಲ ಅನುವಾದಕ್ಕೆ ಇಲ್ಲಿ ದೊರೆತಿದೆ.

ಪುರ್ಕಿನ್ಯೆ 1850ರಲ್ಲಿ ಪ್ರಾಗ್ ನಗರಕ್ಕೆ ಮರಳಿದರು. ಅರವತ್ತು ದಾಟಿದ್ದ ಅವರು 1853ರಲ್ಲಿ ‘ಝಿವಾ’ ಎಂಬ ಚೆಕ್ ವಿಜ್ಞಾನ ಪತ್ರಿಕೆಯನ್ನು ಆರಂಭಿಸಿದರು. ಲೋಕದೊಡನೆ ಜರ್ಮನ್ ಭಾಷೆಯಲ್ಲಿ ವ್ಯವಹರಿಸಿದ ವಿದ್ವಾಂಸರು ತಮ್ಮ ಜನರ ನುಡಿಯಲ್ಲಿಯೂ ವಿಜ್ಞಾನ ಉಸಿರಾಡಬೇಕೆಂದು ಬಯಸಿದರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದದ್ದರ ಹಿಂದೆಯೂ ಅಂಥದ್ದೇ ಸಂಕಲ್ಪವಿತ್ತು. ಇಂಥ ಪ್ರಯತ್ನಗಳಿಗೆ ಎರಡು ಕೆಲಸಗಳಿವೆ: ಹೊರಗಿನದನ್ನು ಒಳತರುವುದು ಒಂದು, ಒಳಗಿನದನ್ನು ಹೊರಗೆ ಮುಟ್ಟಿಸುವುದು ಇನ್ನೊಂದು. ಲೇವನ್‌ಹುಕ್ ಅವರಿಗೆ ಓಲ್ಡನ್‌ಬರ್ಗ್ ದೊರೆತರು, ಕಾಹಾಲ್ ಅವರಿಗೆ ಕ್ಯೋಲಿಕರ್ ದೊರೆತರು. ಕೋಜೊ-ಪೊಲ್ಯಾನ್‌ಸ್ಕಿಯವರ ಗ್ರಂಥ 86 ವರ್ಷ ಕಾಯಿತು. ರೆಮಾಕ್ ಅವರಿಗೆ ಅಡ್ಡಿಯಾದದ್ದು ಭಾಷೆಯಲ್ಲ, ಹುಟ್ಟಿದ ಮತ.

ಎರಡು ಭಾಷೆಗಳಲ್ಲಿ ಪಾಠ ಹೇಳುವ ಗಡಿನಾಡಿನ ಅಧ್ಯಾಪಕರ ಕೈಯಲ್ಲಿ ಈ ಚರಿತ್ರೆಗೆ ಒಂದು ಉಪಯೋಗವಿದೆ. ಒಂದೇ ವಸ್ತುವಿಗೆ ಒಂದು ನುಡಿ ಕೋಶವೆಂದೂ ಇನ್ನೊಂದು ನುಡಿ ಕಣವೆಂದೂ ಏಕೆ ಹೇಳುತ್ತದೆ ಎಂದು ವಿದ್ಯಾರ್ಥಿ ಕೇಳಿದರೆ, ಅದನ್ನು ಭಾಷಾಗೊಂದಲವೆಂದು ತಳ್ಳಿಹಾಕಬೇಕಾಗಿಲ್ಲ. 1837ರಿಂದ 1861ರವರೆಗೆ ಯೂರೋಪಿನ ಶ್ರೇಷ್ಠ ಸೂಕ್ಷ್ಮದರ್ಶಕ ತಜ್ಞರು ಚರ್ಚಿಸಿದ್ದು ಅದೇ ಪ್ರಶ್ನೆಯನ್ನು. ಆ ಪಾಠದಲ್ಲಿ ಮೂರು ವಾಕ್ಯಗಳ ಜೊತೆಗೆ ಇನ್ನೆರಡು ಹೆಸರುಗಳನ್ನೂ ಹೇಳಿದರೆ ಚರಿತ್ರೆಯ ಲೆಕ್ಕ ಸ್ವಲ್ಪಮಟ್ಟಿಗೆ ಸರಿಯಾದೀತು.